ಮೊಂಗೋಡಿಬಿಯಲ್ಲಿ ಪುಸ್ತಕದ ಹೆಸರು ಕಣ್ಣೆದುರಿಗೇ ಇದೆ, ಹುಡುಕಿದರೆ ಸಿಗುತ್ತಿಲ್ಲ

ಮಲೆನಾಡ_ಕಪಾಟು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮೂರಲ್ಲಿ ಓದುವವರೇ ಸೇರಿ ನಡೆಸುವ ಸಣ್ಣ ಗ್ರಂಥಾಲಯ ಇದೆ. ಅದರ ಪುಸ್ತಕಪಟ್ಟಿಯನ್ನು ಎರಡು ವರ್ಷದಿಂದ ಸಂಜೆ ಹೊತ್ತು ಕೂತು ಮೊಂಗೋಡಿಬಿ ಅನ್ನುವ ಡೇಟಾಬೇಸಿಗೆ ಸೇರಿಸುತ್ತಿದ್ದೇವೆ. ಈಗ 6,200 ಪುಸ್ತಕ ಆಗಿದೆ. ನಾನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದೆ, ಕಾಲೇಜಿನ ಇಬ್ಬರು ಹುಡುಗರು ಮೊಬೈಲಿನಲ್ಲಿ ಮಾಡಿದರು. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೇ ಫೈಲುಗಳನ್ನು ಯೂನಿಕೋಡಿಗೆ (ಅಕ್ಷರ, ಚಿಹ್ನೆಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಬದಲಿಸಿ ಕೊಟ್ಟರು.

ಹೋದ ವಾರ ಒಬ್ಬರು ಅಜ್ಜಿ ಕೊಡಗಿನ ಬಗ್ಗೆ ಏನೇನಿದೆ ತೋರಿಸಮ್ಮ ಅಂದರು. "ಕೊಡಗು" ಅಂತ ಹುಡುಕಿದೆ, 9 ಬಂತು. ಕಪಾಟಿನ ಮುಂದೆ ನಿಂತು ಕೈಯಾರೆ ಎಣಿಸಿದರೆ 14 ಇವೆ! ಬಾರದೇ ಇದ್ದವೂ ಡೇಟಾಬೇಸ್‌ನಲ್ಲಿ ಇವೆ. ಅವುಗಳಲ್ಲಿ ಒಂದರ ಹೆಸರನ್ನು ಅಲ್ಲಿಂದಲೇ ಕಾಪಿ ಮಾಡಿ ಹುಡುಕಿದರೆ ಸಿಗುತ್ತದೆ, ಅದನ್ನೇ ನಾನು ಟೈಪ್ ಮಾಡಿದರೆ ಸಿಗುವುದಿಲ್ಲ. "ಸಾಫ್ಟ್‌ವೇರ್" ಪದಕ್ಕೂ ಇದೇ ಗೋಳು.

ಇನ್ನೊಂದು, ಅಕಾರಾದಿಯಾಗಿ ಜೋಡಿಸಿದರೆ "ಕಳಸ" ಮೊದಲು, "ಕವನ" ಆಮೇಲೆ ಬರುತ್ತಿದೆ. ಮೇಷ್ಟ್ರು ನೋಡಿ, "ಹಕಾರ ಆದಮೇಲೆ ಅಲ್ವೇನಮ್ಮ ಳಕಾರ?" ಅಂದರು. ಹುಡುಕುವುದಕ್ಕೆ ರೆಜೆಕ್ಸ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವುದು) ಬಳಸಿದ್ದೇನೆ, ಕೊಲೇಶನ್ (ಭಾಷೆಗೆ ತಕ್ಕಂತೆ ಹೋಲಿಸಿ ಜೋಡಿಸುವ ನಿಯಮ) ಏನೂ ಕೊಟ್ಟಿಲ್ಲ. ಆವೃತ್ತಿ 6.0. ಪುಸ್ತಕ ಇದ್ದೂ ಇಲ್ಲ ಅಂತ ಹೇಳಿ ಎಷ್ಟು ಜನರನ್ನು ವಾಪಸ್ ಕಳಿಸಿದೆನೋ ಅಂತ ಸಂಕಟ ಆಗಿದೆ. ದಯವಿಟ್ಟು ದಾರಿ ತೋರಿಸಿ.

ಒತ್ತಕ್ಷರ ಉತ್ತರಿಸಿದ್ದು:

ಅಕ್ಕಾ, ಡೇಟಾಬೇಸ್ ಕೆಟ್ಟಿಲ್ಲ. ಸಿಗದ ಹೆಸರಿನಿಂದ "ಕೊಡಗು" ಪದವನ್ನಷ್ಟೇ ಕತ್ತರಿಸಿಕೊಂಡು, ಆದೇಶ ಟೈಪ್ ಮಾಡುವ ಮೊಂಗೋ ಶೆಲ್‌ನಲ್ಲಿ ಅದರ ಲೆಂಗ್ತ್, ಅಂದರೆ ಅದರಲ್ಲಿ ಎಷ್ಟು ಸಂಕೇತ ಇದೆ ಅಂತ ನೋಡಿ. 5 ಬರಬೇಕು. 6 ಬಂದರೆ ಕಳ್ಳ ಸಿಕ್ಕ ಹಾಗೆ. "ಕೊ"ದಲ್ಲಿರುವ ಒಕಾರದ ಚಿಹ್ನೆಗೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತ ಇದೆ (0ಸಿಸಿಎ). ಎಕಾರದ ಚಿಹ್ನೆ, ಊಕಾರದ ಚಿಹ್ನೆ (0ಸಿಸಿ6, 0ಸಿಸಿ2) ಎರಡನ್ನೂ ಒಂದರ ಪಕ್ಕ ಒಂದು ಇಟ್ಟರೂ ಪರದೆ ಮೇಲೆ ಅದೇ "ಕೊ" ಮೂಡುತ್ತದೆ. ಕಣ್ಣಿಗೆ ಒಂದೇ, ಬೈಟುಗಳಲ್ಲಿ ಬೇರೆ ಬೇರೆ. ಕೀ, ಕೇ, ಕೈ, ಕೋ ಎಲ್ಲಕ್ಕೂ ಹೀಗೇ ಎರಡು ರೂಪ ಇರಬಹುದು. ಹಳೇ ಫೈಲು ಬದಲಿಸಿದ ಕಡೆ ಮೊದಲು ಹುಡುಕಿ ಅಂತ ನನ್ನ ಸಲಹೆ.

ಎನ್‌ಎಫ್‌ಸಿ ಅನ್ನುವ ನಾರ್ಮಲೈಸೇಶನ್ ಇವನ್ನು ಒಂದೇ ರೂಪಕ್ಕೆ ತರುತ್ತದೆ. ಮೊಂಗೋ ಶೆಲ್ ಜಾವಾಸ್ಕ್ರಿಪ್ಟ್ ಆದ್ದರಿಂದ ಅದರ ನಾರ್ಮಲೈಸ್ ಫಂಕ್ಷನ್ ಅಲ್ಲೇ ಸಿಗುತ್ತದೆ.

ಆದರೆ "ಸಾಫ್ಟ್‌ವೇರ್"ಗೆ ಅದು ಸಾಲದು. "ಫ್ಟ್" ಆದಮೇಲೆ "ವೇ" ಒತ್ತಾಗದಂತೆ ತಡೆಯಲು ನಡುವೆ ಕಾಣದ ಒಂದು ಸಂಕೇತ ಇರುತ್ತದೆ (200ಸಿ). ಕೆಲವರು ಪದದ ಕೊನೆಯ "ರ್" ಆದಮೇಲೂ ಅದನ್ನು ಹಾಕಿರುತ್ತಾರೆ, ಕೆಲವರು ಹಾಕಿರುವುದಿಲ್ಲ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ, ನೀವೇ ತೆಗೆಯಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಮೂಲ ಹೆಸರನ್ನು ಮುಟ್ಟಬೇಡಿ! "ರ‍್ಯಾಂಕ್" ಪದದಲ್ಲಿ ರಕಾರ ಇಡಿಯಾಗಿ ನಿಂತಿರುವುದು ಇನ್ನೊಂದು ಕಾಣದ ಸಂಕೇತದಿಂದ (200ಡಿ). ಅದನ್ನು ಅಳಿಸಿದರೆ ಅರ್ಕಾವೊತ್ತು ಬಂದು "ರ್ಯಾಂಕ್" ಆಗಿಬಿಡುತ್ತದೆ. ನಾನು ಒಮ್ಮೆ ಹಾಗೆ ಮಾಡಿ, ಬ್ಯಾಕಪ್ ಇಲ್ಲದೆ, ಮೂರು ರಾತ್ರಿ ಕೂತು ಸರಿಮಾಡಿದ್ದೇನೆ. ತೋರಿಸುವುದಕ್ಕೆ ಮೂಲ ಹೆಸರು ಹಾಗೇ ಇರಲಿ. ಪಕ್ಕದಲ್ಲಿ "ಹುಡುಕುಪದ" ಅಂತ ಇನ್ನೊಂದು ಫೀಲ್ಡ್ ಮಾಡಿ, ಎನ್‌ಎಫ್‌ಸಿ ಮಾಡಿ ಎರಡೂ ಸಂಕೇತ ತೆಗೆದ ಪದಗಳನ್ನು ಅದರಲ್ಲಿ ಅರೇ (ಪಟ್ಟಿ) ಆಗಿ ಇಡಿ, ಅದಕ್ಕೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಕೊಡಿ. ಓದುಗರು ಟೈಪ್ ಮಾಡಿದ್ದನ್ನೂ ಇದೇ ಫಂಕ್ಷನ್ನಿನಲ್ಲಿ ಹಾಯಿಸಿ ಆಮೇಲೆ ಹುಡುಕಿ.

ಳಕಾರದ್ದು ಸುಲಭ. ಯೂನಿಕೋಡ್ ಪಟ್ಟಿಯಲ್ಲಿ ಲಕಾರದ ಬೆನ್ನಿಗೇ ಳ ಕೂತಿದೆ, ವ ಆಮೇಲೆ. ಕೊಲೇಶನ್ ಇಲ್ಲದಿದ್ದರೆ ಮೊಂಗೋ ಆ ಸಂಖ್ಯೆ ನೋಡಿಯೇ ಜೋಡಿಸುತ್ತದೆ. ಕೊಲೇಶನ್ನಿನಲ್ಲಿ ಲೊಕೇಲ್ (ಭಾಷೆಯ ಗುರುತು) "ಕೆಎನ್", ಅಂದರೆ ಕನ್ನಡ, ಅಂತ ಕೊಡಿ, ನಮ್ಮ ವರ್ಣಮಾಲೆಯ ಕ್ರಮ ಬರುತ್ತದೆ. 2016ರ 3.4 ಆವೃತ್ತಿಯಿಂದಲೇ ಈ ಸೌಲಭ್ಯ ಇದೆ.

ಹಳೇ_ಸರ್ವರ್ ಉತ್ತರಿಸಿದ್ದು:

ಮೇಲಿನದ್ದು ಸರಿ. ಕೊಲೇಶನ್ ವಿಚಾರದಲ್ಲಿ ಸ್ವಲ್ಪ ಎಚ್ಚರ: ರೆಜೆಕ್ಸ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಹುಡುಕುಪದದ ಇಂಡೆಕ್ಸಿಗೆ ಕೊಲೇಶನ್ ಬೇಡ, ಹೆಸರು ಜೋಡಿಸುವ ಇಂಡೆಕ್ಸಿಗೆ ಮಾತ್ರ ಕೊಡಿ, ಮತ್ತು ಕ್ವೆರಿಯಲ್ಲೂ ಅದನ್ನೇ ಹೇಳಿ. ಎರಡೂ ಹೊಂದದಿದ್ದರೆ ಆ ಇಂಡೆಕ್ಸ್ ಇದ್ದೂ ಉಪಯೋಗ ಇಲ್ಲ. ಕಲೆಕ್ಷನ್ನಿನ (ದಾಖಲೆಗಳ ಗುಂಪಿನ) ಡಿಫಾಲ್ಟ್ ಕೊಲೇಶನ್ ಹುಟ್ಟುವಾಗಲೇ ಕೊಡಬೇಕು, ಆಮೇಲೆ ಬದಲಿಸಲು ಬರುವುದಿಲ್ಲ.

ಟೆಕ್ಸ್ಟ್ ಇಂಡೆಕ್ಸ್ (ಪದದ ಮೂಲರೂಪ ನೋಡಿ ಹುಡುಕುವಂಥದ್ದು) ಹಾಕಿ ಅಂತ ಯಾರಾದರೂ ಹೇಳಿಯಾರು. ಅದು ಬಲ್ಲ ಭಾಷೆಗಳಲ್ಲಿ ಕನ್ನಡ ಇಲ್ಲ. ಕೊಡಗು, ಕೊಡಗಿನ, ಕೊಡಗಿಗೆ ಮೂರೂ ಅದಕ್ಕೆ ಮೂರು ಪದ. ಅದರ ಬದಲು ಟೈಪ್ ಮಾಡಿದ ಪದದ ಕೊನೆಯ ಸ್ವರಚಿಹ್ನೆ ತೆಗೆದು, "ಕೊಡಗ" ಅಂತ ಶುರುವಾಗುವುದೆಲ್ಲ ಬರಲಿ ಅಂತ ಕೇಳಿ. ರೆಜೆಕ್ಸ್ ಮೊದಲಕ್ಷರಕ್ಕೆ ಕಟ್ಟಿದ್ದರೆ ಇಂಡೆಕ್ಸ್ ಚೆನ್ನಾಗಿ ದುಡಿಯುತ್ತದೆ. ಎಕ್ಸ್‌ಪ್ಲೇನ್ (ಕ್ವೆರಿ ಹೇಗೆ ಓಡಿತು ಅನ್ನುವ ವರದಿ) ಹಾಕಿ, ಎಷ್ಟು ದಾಖಲೆ ತಡಕಾಡಿತು, ಎಷ್ಟು ಕೊಟ್ಟಿತು, ಎರಡನ್ನೂ ನೋಡಿ. 14 ಕೊಡಲು 6,200 ತಡಕಾಡಿದ್ದರೆ ಎಲ್ಲೋ ತಪ್ಪಿದೆ.

ಒಂದು ಸುದ್ದಿ. 6.0 ಆವೃತ್ತಿಗೆ ಬೆಂಬಲ 2025ರ ಜುಲೈಗೇ ಮುಗಿದಿದೆ, ಭದ್ರತೆಯ ತೇಪೆ ಇನ್ನು ಬರುತ್ತದೆ ಅನ್ನುವ ಖಾತ್ರಿ ಇಲ್ಲ. 8.0ಗೆ ನೇರ ಜಿಗಿಯಬೇಡಿ, ಮೊದಲು 7.0, ಅಲ್ಲಿ ಫೀಚರ್ ಕಂಪ್ಯಾಟಿಬಿಲಿಟಿ (ಯಾವ ಆವೃತ್ತಿಯ ಸೌಲಭ್ಯ ಬಳಸಬಹುದು ಅನ್ನುವ ಸೆಟ್ಟಿಂಗ್) ಏರಿಸಿ, ಆಮೇಲೆ 8.0. 2018ರಲ್ಲಿ ಬದಲಾದ ಮೊಂಗೋ ಲೈಸೆನ್ಸಿಗೆ ನಿಮ್ಮಂಥ ಗ್ರಂಥಾಲಯ ಹೆದರಬೇಕಿಲ್ಲ, ಅದು ಮೊಂಗೋವನ್ನೇ ಸೇವೆಯಾಗಿ ಮಾರುವವರಿಗೆ ತಗಲುವ ಷರತ್ತು. ಪೂರ್ತಿ ಮುಕ್ತವಾದದ್ದೇ ಬೇಕೆಂದರೆ ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸಿನ ಮೇಲೆ ಕಟ್ಟಿದ ಡಾಕ್ಯುಮೆಂಟ್‌ಡಿಬಿ ಇದೆ. ಮೈಕ್ರೋಸಾಫ್ಟ್ 2025ರ ಜನವರಿಯಲ್ಲಿ ಅದನ್ನು ಎಂಐಟಿ ಲೈಸೆನ್ಸಿನಲ್ಲಿ ತೆರೆದಿಟ್ಟಿತು, ಆಗಸ್ಟ್‌ನಲ್ಲಿ ಲಿನಕ್ಸ್ ಫೌಂಡೇಶನ್ನಿಗೆ ಸೇರಿತು. ಕೆಲಸ ನಡೆಯುತ್ತಿರುವಾಗ ಎತ್ತಿ ಅಲ್ಲಿಗೆ ಹೋಗಿ ಅಂತ ಮಾತ್ರ ನಾನು ಹೇಳುವುದಿಲ್ಲ.

ಮಲೆನಾಡ_ಕಪಾಟು ಉತ್ತರಿಸಿದ್ದು:

ಇಬ್ಬರಿಗೂ ಎಷ್ಟು ಧನ್ಯವಾದ ಹೇಳಲಿ! ಲೆಂಗ್ತ್ 6 ಬಂತು. ಮೊದಲು ಬ್ಯಾಕಪ್ ತೆಗೆದುಕೊಂಡೆ. ಸಾವಿರ ಸಾವಿರದಂತೆ ಹುಡುಕುಪದ ತುಂಬಿಸಿದೆ. 1,140 ಹೆಸರುಗಳಲ್ಲಿ ಒಡೆದ ಚಿಹ್ನೆ ಇತ್ತು, ಹೆಚ್ಚಿನವು ಬದಲಿಸಿದ ಫೈಲುಗಳಿಂದ ಬಂದವು. ಈಗ "ಕೊಡಗು" ಅಂದರೆ 12. ಕೊನೆಯ ಚಿಹ್ನೆ ತೆಗೆದು ಹುಡುಕಿದಾಗ "ಕೊಡಗಿನ" ಅಂತಿದ್ದ ಎರಡೂ ಬಂದು 14 ಆಯಿತು. ಎಕ್ಸ್‌ಪ್ಲೇನ್‌ನಲ್ಲಿ ತಡಕಾಡಿದ್ದೂ 14.

ಮೇಷ್ಟ್ರನ್ನು ಕರೆದು ತೋರಿಸಿದೆ. ಕವನ, ಕಳಸ ಎರಡನ್ನೂ ಬೆರಳಿಟ್ಟು ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. 7.0ಗೆ ಹೋಗುವುದು ಭಾನುವಾರ, ಗ್ರಂಥಾಲಯಕ್ಕೆ ರಜೆ ಇದ್ದಾಗ. ಅಜ್ಜಿಗೆ ಉಳಿದ ಐದು ಪುಸ್ತಕ ಇವತ್ತು ಸಂಜೆ ಮನೆಗೇ ಕೊಟ್ಟು ಬರುತ್ತೇನೆ.