ಎಲಿಂಗ್ಟನ್ 1926–27: ಯಾವ ರೀಮಾಸ್ಟರ್ (ಹಳೆ ಧ್ವನಿಮುದ್ರಣವನ್ನು ಶುಚಿಗೊಳಿಸಿದ ಮರುಆವೃತ್ತಿ) ಮೂಲಕ್ಕೆ ಹತ್ತಿರ?

ಕರಿತಟ್ಟೆ:
ಅಮೆರಿಕದ ಜಾಜ್ ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ ಅವರ ‘ಈಸ್ಟ್ ಸೇಂಟ್ ಲೂಯಿಸ್ ಟೂಡಲ್-ಊ’ ಡೆಕ್ಕಾದ 3 ಸಿಡಿ ಸೆಟ್‌ನಲ್ಲಿ ಮಂಕು, ಆರ್‌ಸಿಎ ವಿಕ್ಟರ್‌ನ 24 ಸಿಡಿ ಸೆಟ್‌ನಲ್ಲಿ ಸ್ಪಷ್ಟ. ಸ್ಟ್ರೀಮಿಂಗ್‌ನ ಒಂದು ಸಂಕಲನದಲ್ಲಿ ಹಳೆ ತಟ್ಟೆಯ ಸರಸರ ಸದ್ದೇ ಇಲ್ಲ, ‘ಸ್ಟೀರಿಯೊ’ ಅಂತ ಬೇರೆ ಬರೆದಿದ್ದಾರೆ, ಆದರೆ ಶ್ರುತಿ ಕೊಂಚ ಏರಿದ ಹಾಗಿದೆ. ಯಾವುದನ್ನು ನಂಬೋದು?

ಸೂಜಿಮೊನೆ:
ಮೊದಲೆರಡನ್ನು ಹೋಲಿಸಲೇಬೇಡಿ, ಅವು ಬೇರೆ ಬೇರೆ ಮುದ್ರಣಗಳು. ಈ ಹಾಡನ್ನು ಬೇರೆ ಬೇರೆ ರೆಕಾರ್ಡ್ ಲೇಬಲ್‌ಗಳಿಗೆ, ಅಂದರೆ 1926ರ ನವೆಂಬರಿನಲ್ಲಿ ವೋಕಾಲಿಯನ್‌ಗೆ, 1927ರ ಮಾರ್ಚಿನಲ್ಲಿ ಬ್ರನ್ಸ್‌ವಿಕ್‌ಗೂ ಕೊಲಂಬಿಯಾಗೂ, ಡಿಸೆಂಬರಿನಲ್ಲಿ ವಿಕ್ಟರ್‌ಗೆ ನುಡಿಸಿದ್ದಾರೆ. ಡೆಕ್ಕಾ ಸೆಟ್ಟು ವೋಕಾಲಿಯನ್, ಬ್ರನ್ಸ್‌ವಿಕ್‌ಗಳದ್ದು. 1926ರಲ್ಲಿ ಬ್ರನ್ಸ್‌ವಿಕ್ ಕಂಪನಿ ಧ್ವನಿಮುದ್ರಣಕ್ಕೆ ಬಳಸುತ್ತಿದ್ದದ್ದು ಬೆಳಕಿನ ಕಿರಣದ ‘ಲೈಟ್-ರೇ’ ಪದ್ಧತಿ. ವಿಕ್ಟರ್‌ನದು ವೆಸ್ಟರ್ನ್ ಎಲೆಕ್ಟ್ರಿಕ್ ಯಂತ್ರ. ಹಾಗಾಗಿ ಮಂಕುತನ ಬಹುಪಾಲು ಮೂಲ ತಟ್ಟೆಯಲ್ಲೇ ಇದೆ.

ಅನುಮಾನಿಸಬೇಕಾದದ್ದು ಸದ್ದೇ ಇಲ್ಲದ ಮೂರನೆಯದನ್ನು. ಮ್ಯೂಟ್ (ಬಾಯಿಗೆ ಹಾಕುವ ಮುಚ್ಚಳ) ಹಾಕಿದ ಟ್ರಂಪೆಟ್‌ನ ಗೊರಗೊರ, ಬ್ಯಾಂಜೊ ಮೀಟು, ಸಿಂಬಲ್ ಎಲ್ಲವೂ ಸರಸರ ಇರುವ ಮೇಲಿನ ಆವರ್ತನಗಳಲ್ಲೂ ಇರುತ್ತವೆ. ಅದನ್ನು ಪೂರ್ತಿ ಅಳಿಸಿದರೆ ಇವೂ ಹೋಗುತ್ತವೆ. ಬ್ಯಾಂಜೊ ಮೀಟು ಮೊಂಡಾಗಿದೆಯೇ, ವಾದ್ಯ ನಿಂತ ಕೂಡಲೇ ಹಿನ್ನೆಲೆ ಸದ್ದೂ ಬಾಗಿಲು ಹಾಕಿದಂತೆ ನಿಲ್ಲುತ್ತದೆಯೇ, ನೀರೊಳಗಿಂದ ಬಂದಂಥ ಚಿಲಿಪಿಲಿ ಇದೆಯೇ, ಕೇಳಿ ನೋಡಿ. ಸದ್ದಿರುವ ಸಿಡಿಯನ್ನೇ ತಗೊಂಡು ಟ್ರೆಬಲ್ ನೀವೇ ಇಳಿಸಿಕೊಳ್ಳಿ. ಕಳೆದುಹೋದದ್ದನ್ನು ಯಾವ ಗುಂಡಿಯೂ ವಾಪಸ್ ತರಲ್ಲ.

ಶ್ರುತಿಪೆಟ್ಟಿಗೆ:
ಶ್ರುತಿ ಏರಿದ್ದರೆ ತಟ್ಟೆಯನ್ನು ತಪ್ಪು ವೇಗದಲ್ಲಿ ತಿರುಗಿಸಿರಬಹುದು. ನಿಮಿಷಕ್ಕೆ 78.26 ಸುತ್ತಿನದ್ದನ್ನು 80ರಲ್ಲಿ ತಿರುಗಿಸಿದರೆ ಶೇ 2.2 ಹೆಚ್ಚಳ, ಅಂದರೆ 38 ಸೆಂಟ್ (ಅರ್ಧ ಸ್ವರಕ್ಕೆ 100 ಸೆಂಟ್). ಸುಮಾರು ಶೇ 6 ಆದರೆ ಪೂರ್ತಿ ಅರ್ಧ ಸ್ವರ. ಪಿಯಾನೊ ಒಂಟಿಯಾಗಿ ಕೇಳುವ ಕಡೆ ಟ್ಯೂನರ್ ಹಿಡಿದು ಅಳೆಯಿರಿ. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ‘ಚೇಂಜ್ ಸ್ಪೀಡ್ ಆ್ಯಂಡ್ ಪಿಚ್’ (ಹಳೆ ಆವೃತ್ತಿಗಳಲ್ಲಿ ‘ಚೇಂಜ್ ಸ್ಪೀಡ್’) ಬಳಸಿ (ಈ ಲೆಕ್ಕಕ್ಕೆ 0.978), ‘ಚೇಂಜ್ ಪಿಚ್’ ಬೇಡ, ಲಯವೂ ಇಳಿಯಬೇಕಲ್ಲ. ಎಲ್ಲಕ್ಕೂ 78.26 ಅಂತ ಕಣ್ಣುಮುಚ್ಚಿ ಒಪ್ಪಬೇಡಿ, ಸ್ಟುಡಿಯೊ ಯಂತ್ರಗಳೂ ಏರುಪೇರಾಗುತ್ತಿದ್ದವು.

ಕರಿತಟ್ಟೆ:
ಮತ್ತೆ ಆ ಸ್ಟೀರಿಯೊ?

ಸೂಜಿಮೊನೆ:
ಆಡಾಸಿಟಿಯಲ್ಲೇ ಎಡ-ಬಲದ ಒಂದು ಚಾನೆಲ್ ‘ಇನ್ವರ್ಟ್’ (ಅಲೆಯನ್ನು ತಲೆಕೆಳಗು) ಮಾಡಿ ಇನ್ನೊಂದಕ್ಕೆ ಬೆರೆಸಿ. ನಿಶ್ಶಬ್ದವಾದರೆ ಶುದ್ಧ ಮೊನೊ, ಎರಡೂ ಕಡೆ ಒಂದೇ ಧ್ವನಿ. ಗುಂಯ್‌ಗುಡುವಿಕೆ ಉಳಿದರೆ ಆಮೇಲೆ ಸೇರಿಸಿದ ಪ್ರತಿಧ್ವನಿ.

ನಿಜವಾದ ಸ್ಟೀರಿಯೊ ಕೇಳಬೇಕಿದ್ದರೆ ವಿಕ್ಟರ್‌ಗೆ 1932ರ ಫೆಬ್ರವರಿಯಲ್ಲಿ ನುಡಿಸಿದ ಎರಡು ಮೆಡ್ಲೆ (ಹಲವು ಹಾಡುಗಳ ಸರಣಿ) ಹುಡುಕಿ. ಒಂದರಲ್ಲಿ ಇದೇ ಟೂಡಲ್-ಊ ಇದೆ. ಬೇರೆ ಬೇರೆ ಮೈಕಿನಿಂದ ಎರಡು ತಟ್ಟೆ ಏಕಕಾಲಕ್ಕೆ ಕೆತ್ತಿದ್ದರು. ದಶಕಗಳ ನಂತರ ಸಂಗ್ರಾಹಕರು ಅವನ್ನು ಜೋಡಿಸಿದರು, 1985ರಲ್ಲಿ ಎಲ್‌ಪಿ ಬಂತು. ಆರಂಭ ಮಾತ್ರ ಹೊಂದಿಸಿದರೆ ಸಾಲದು: ಎರಡು ಯಂತ್ರಗಳ ವೇಗ ಚೂರು ಬೇರೆಯಿದ್ದರೂ ಸ್ವಲ್ಪ ಹೊತ್ತಿಗೆ ಬ್ಯಾಂಡು ಎಡಕ್ಕೋ ಬಲಕ್ಕೋ ಜಾರುತ್ತದೆ.