ಯುದ್ಧವಿಮಾನಕ್ಕೆ ದುಡ್ಡಿದೆ, ಅಮ್ಮನ ಹಾಫ್ ಟಿಕೆಟ್‌ಗೆ ಇಲ್ವಾ?

ಡೊಂಬಿವಲಿ ಮಾಣಿ:
ಮೊನ್ನೆ ಅಮ್ಮನಿಗೆ ಉಡುಪಿಗೆ ಮತ್ಸ್ಯಗಂಧಾ ರೈಲಿನಲ್ಲಿ ಟಿಕೆಟ್ ಮಾಡಿಸಿದೆ. ಅವರಿಗೆ 71 ವರ್ಷ, ಆದರೂ ಪೂರ್ತಿ ದರ. ಮೊದಲು 58 ದಾಟಿದ ಹೆಂಗಸರಿಗೆ ಅರ್ಧ ದರ ಇತ್ತು, 60 ದಾಟಿದ ಗಂಡಸರಿಗೆ 40% ರಿಯಾಯಿತಿ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ನಿಲ್ಲಿಸಿದರು. ಕೊರೊನಾ ಹೋಯಿತು, ರಿಯಾಯಿತಿ ಮಾತ್ರ ವಾಪಸ್ ಬರಲಿಲ್ಲ. ದುಡ್ಡಿಗೆ ಕಷ್ಟ ಅಂತೀರಾ? 2024-25ರಲ್ಲಿ 6.22 ಲಕ್ಷ ಕೋಟಿ ಇದ್ದ ರಕ್ಷಣಾ ಬಜೆಟ್ 2025-26ಕ್ಕೆ 6.81 ಲಕ್ಷ ಕೋಟಿ ಆಯಿತು, ಅದೇ ಎರಡು ವರ್ಷ ನರೇಗಾಕ್ಕೆ ಇಟ್ಟಿದ್ದು ಅದೇ 86,000 ಕೋಟಿ. ಬೆಲೆ ಏರಿದ್ದನ್ನು ಲೆಕ್ಕ ಹಿಡಿದರೆ ಅದು ಕಡಿತವೇ ಅಲ್ವಾ? ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ಇದನ್ನು ಕೇಳಿದ್ದಕ್ಕೆ ನನ್ನನ್ನು ದೇಶದ್ರೋಹಿ ಮಾಡಿಬಿಟ್ಟರು. ಕೇಳೋದೇ ತಪ್ಪಾ?

ಖಡ್ಕಿ ಫೌಜಿ:
ತಮ್ಮಾ, ಕೇಳು, ಯಾರು ಬೇಡ ಅಂದರು? ಆದರೆ ಲೆಕ್ಕ ಪೂರ್ತಿ ಹೇಳು. ಆ 6.81ರಲ್ಲಿ 1.61 ಲಕ್ಷ ಕೋಟಿ ನನ್ನಂಥ ಮಾಜಿ ಸೈನಿಕರ ಪೆನ್ಷನ್. ಹೊಸ ವಿಮಾನ, ಹಡಗು, ತೋಪು ಅಂತೆಲ್ಲ ಖರೀದಿಗೆ ಇಟ್ಟಿದ್ದು ಸುಮಾರು 1.49 ಲಕ್ಷ ಕೋಟಿ. ಜಿಡಿಪಿಯಲ್ಲಿ ನೋಡಿದರೆ ಒಟ್ಟು 2%ಕ್ಕಿಂತ ಕಡಿಮೆ. ಚಳಿಯಲ್ಲಿ ಸರಿಯಾದ ಬೂಟಿಲ್ಲದೆ ನಿಂತವನಿಗೆ ಗೊತ್ತು ಕಡಿಮೆ ಬಜೆಟ್ ಅಂದರೆ ಏನು ಅಂತ. ಟಿಕೆಟ್ ವಿಷಯ ಒಪ್ತೀನಿ, ನನ್ನ ಮನೆಯವರೂ ಅದನ್ನೇ ಬೈಯ್ತಾ ಇರ್ತಾರೆ.

ವಾಸ್ಕೋ ಅಕ್ಕ:
ನಮ್ಮ ಮನೆ ದಾಬೋಳಿ ಕಡೆ. ಐಎನ್‌ಎಸ್ ಹಂಸಾ ಅನ್ನೋ ನೌಕಾಪಡೆಯ ವಿಮಾನ ನೆಲೆಯಿಂದ ಮಿಗ್ ಯುದ್ಧವಿಮಾನ ಎದ್ದರೆ ಕುಕ್ಕರ್ ಎಷ್ಟು ಸೀಟಿ ಹೊಡೀತು ಅಂತ ಗೊತ್ತಾಗಲ್ಲ, ಅದಿರಲಿ. ನನ್ನ ತಂಗಿ ಹಾವೇರಿ ಕಡೆ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಅಡುಗೆಯವರಿಗೆ ಕೇಂದ್ರ ಗೊತ್ತು ಮಾಡಿದ ದರ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು. ಇದು 2009ರ ದರ! ಅದರ ಮೇಲೆ ರಾಜ್ಯ ಹಾಕಿದ್ದರಲ್ಲೇ ಇವರ ಜೀವನ. ಫೌಜಿ ಅಣ್ಣಾ, ನಿಮ್ಮ ಪೆನ್ಷನ್ ಯಾಕೆ ಅಂತ ಯಾರೂ ಕೇಳುತ್ತಿಲ್ಲ. 2025ರ ಏಪ್ರಿಲ್‌ನಲ್ಲಿ ನೌಕಾಪಡೆಯ 26 ರಫೇಲ್ ಮರೀನ್ ಯುದ್ಧವಿಮಾನಕ್ಕೆ ಸುಮಾರು 63,000 ಕೋಟಿಯ ಒಪ್ಪಂದ ಆಯಿತಲ್ಲ, ಇಡೀ ದೇಶದ ಬಿಸಿಯೂಟಕ್ಕೆ ಕೇಂದ್ರ 2025-26ರಲ್ಲಿ ಇಟ್ಟಿದ್ದು 12,500 ಕೋಟಿ. ಅಂದರೆ ಐದು ವರ್ಷದ ಊಟ. ವಿಮಾನದ ದುಡ್ಡು ಕಂತಿನಲ್ಲಿ ಹೋಗುತ್ತೆ, ಗೊತ್ತು. ಆದರೂ ನನ್ನ ತಂಗಿಯ ದರ 2009ರಿಂದ ಅಲ್ಲೇ ಕೂತಿದೆ.

ಡಾಕ್‌ಯಾರ್ಡ್ ರೋಡ್:
ನೀವೆಲ್ಲ ಒಂದು ಮರೆತಿರಿ. ಮುಂಬಯಿಯ ಮಝಗಾಂವ್ ಡಾಕ್ ಹಡಗುಕಟ್ಟೆಯಲ್ಲಿ ಆರು ಸ್ಕಾರ್ಪೀನ್ ಸಬ್‌ಮರೀನ್ ಕಟ್ಟಿದ್ದಾರೆ, ಕೊನೆಯದು ವಾಗ್ಶೀರ್, 2025ರ ಜನವರಿಯಲ್ಲಿ ನೌಕಾಪಡೆಗೆ ಸೇರಿತು. ಆ ದುಡ್ಡಿನಿಂದ ಈ ಕಡೆ ಎಷ್ಟೋ ವೆಲ್ಡರ್, ಫಿಟ್ಟರ್ ಮನೆಗಳ ಒಲೆ ಉರಿಯುತ್ತೆ.

ಡೊಂಬಿವಲಿ ಮಾಣಿ:
ಡಾಕ್‌ಯಾರ್ಡ್ ಅಣ್ಣಾ, ಸಬ್‌ಮರೀನ್ ಬೇಡ ಅಂತ ನಾನೆಲ್ಲಿ ಅಂದೆ? 60ರಿಂದ 79ರವರೆಗಿನ ಬಡ ಮುದುಕರ ಪೆನ್ಷನ್‌ನಲ್ಲಿ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಮುಂಬಯಿಯಲ್ಲಿ ಅದಕ್ಕೆ ಏನು ಬರುತ್ತೆ, ನಾಲ್ಕು ದಿನದ ಹಾಲು? ಖರೀದಿ ಬಂದಾಗ ಹುಟ್ಟುವ ದುಡ್ಡು ಇಲ್ಲಿಗೆ ಬಂದಾಗ ಯಾಕೆ ಬತ್ತುತ್ತೆ, ಅಷ್ಟೇ ನನ್ನ ಪ್ರಶ್ನೆ. ಫೌಜಿ ಅಣ್ಣಾ, ಬೂಟಿನ ಮಾತು ಸರಿ. ಆ ಗ್ರೂಪಿನವರು ನಿಮ್ಮಷ್ಟಾದರೂ ಲೆಕ್ಕ ಹೇಳಿದ್ದರೆ ನಾನು ಇಲ್ಲಿಗೆ ಬರುತ್ತಿರಲಿಲ್ಲ.

ಖಡ್ಕಿ ಫೌಜಿ:
200ರದ್ದು ನಾಚಿಕೆಗೇಡು, ಅದರಲ್ಲಿ ಎರಡು ಮಾತಿಲ್ಲ. ಅಮ್ಮನ ಟಿಕೆಟ್ ಕನ್ಫರ್ಮ್ ಆಯ್ತಾ?

ಡೊಂಬಿವಲಿ ಮಾಣಿ:
ಇಲ್ಲ. ಪೂರ್ತಿ ದುಡ್ಡು ಕೊಟ್ಟು ವೇಟಿಂಗ್ 34.