ಜಿಪ್ಸಮ್ ಪಾರ್ಟಿಷನ್ ಒಳಗೆ ವೈರಿಂಗ್ ಮಾಡಿದ ಮೇಲೆ ಆರ್‌ಸಿಸಿಬಿ ಟ್ರಿಪ್ ಆಗುತ್ತಿದೆ

ಶಹಾಪುರ ಹೆಂಚಿನ ಮನೆ:
ನಮ್ಮದು ಬೆಳಗಾವಿ ಶಹಾಪುರದಲ್ಲಿ ಹಳೆ ಹೆಂಚಿನ ಮನೆ. ಮಗಳಿಗೆ ಓದೋಕೆ ಒಂದು ಕೋಣೆ ಬೇಕಿತ್ತು. ಹಾಗಾಗಿ ಪಡಸಾಲೆ ನಡುವೆ ಜಿಐ ಚಾನಲ್ (ತಗಡಿನ ಚೌಕಟ್ಟು) ನಿಲ್ಲಿಸಿ ಎರಡೂ ಕಡೆ ಜಿಪ್ಸಮ್ ಬೋರ್ಡ್ ಹಾಕಿಸಿದೆವು. ಅದರೊಳಗೆ ಎರಡು ಸ್ವಿಚ್ ಬಾಕ್ಸ್ ಇವೆ, ಎರಡೂ ತಗಡಿನವು. ಪಾರ್ಟಿಷನ್ ಮಾಡಿದವರೇ ವೈರ್ ಕೂಡ ಎಳೆದರು.

ಆ ಕೋಣೆಯ ಲೈಟು, ಫ್ಯಾನು ಹಾಕಿದರೆ ಏನೂ ತೊಂದರೆ ಇಲ್ಲ. ಆದರೆ ಅಡುಗೆಮನೆಯಲ್ಲಿ ಮಿಕ್ಸರ್ ಅಥವಾ ಬಚ್ಚಲಲ್ಲಿ ಗೀಸರ್ ಹಾಕಿದರೆ ಇಡೀ ಮನೆಯ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಬಂದ್ ಮಾಡುವ ಸ್ವಿಚ್, ಬೀಳುತ್ತದೆ. ಹೊಸ ಕೋಣೆಯ ಎಂಸಿಬಿ ಇಳಿಸಿಟ್ಟರೂ ಅಷ್ಟೇ. ಮಳೆ ಶುರುವಾದ ಮೇಲೆ ಇನ್ನೂ ಜಾಸ್ತಿಯಾಗಿದೆ. ಮಿಕ್ಸರ್ ರಿಪೇರಿಗೆ ಕೊಟ್ಟೆ, ಅದರಲ್ಲಿ ದೋಷ ಇಲ್ಲ ಅಂದರು. ಏನು ನೋಡಬೇಕು?

ಹಳೇ ಫ್ಯೂಸ್:
ಹಳೆ ಮನೆ, ಗೋಡೆಯಲ್ಲಿ ತೇವ ಇರುತ್ತದೆ. ಆರ್‌ಸಿಸಿಬಿ ತೆಗೆಸಿ ಬರೀ ಎಂಸಿಬಿ ಇಡಿ, ಟ್ರಿಪ್ ಆಗೋದು ನಿಲ್ಲುತ್ತದೆ.

ವಿಜಯಪುರ ವೈರ್‌ಮನ್:
ದಯವಿಟ್ಟು ಆ ಕೆಲಸ ಮಾಡಬೇಡಿ. ಎಂಸಿಬಿ ನೋಡುವುದು ಲೋಡ್ ಜಾಸ್ತಿಯಾಯಿತೇ, ಶಾರ್ಟ್ ಆಯಿತೇ ಅಂತ ಮಾತ್ರ. ಆರ್‌ಸಿಸಿಬಿ ಹೋದ ಕರೆಂಟು ಪೂರ್ತಿ ವಾಪಸ್ ಬಂತಾ ಅಂತ ನೋಡುತ್ತದೆ. ಮನೆಗೆ ಹಾಕುವುದು 30 ಮಿಲಿಆಂಪ್‌ನದು, ಅದು ಮನುಷ್ಯರ ಜೀವ ಕಾಯೋಕೆ ಇರುವ ಸಾಧನ. ಇವರ ಮನೆಯಲ್ಲಿ ಮಗು ಓದುವ ಕೋಣೆಯ ಗೋಡೆಯೊಳಗೆಲ್ಲ ಕಬ್ಬಿಣ ಇದೆ.

ಅಕ್ಕಾವ್ರೇ, ನೀವು ಬರೆದಿದ್ದರಲ್ಲೇ ಸುಳಿವು ಇದೆ. ಎಂಸಿಬಿ ಇಳಿಸಿದರೂ ಟ್ರಿಪ್ ಆಗುತ್ತದೆ ಅಂದಿರಿ. ನಮ್ಮ ಮನೆಗಳ ಸಿಂಗಲ್ ಪೋಲ್ ಎಂಸಿಬಿ ಫೇಸ್ ಒಂದನ್ನೇ ಕಡಿಯುತ್ತದೆ. ಕಪ್ಪು ವೈರ್, ಅಂದರೆ ನ್ಯೂಟ್ರಲ್, ಡಿಬಿಯ (ಎಂಸಿಬಿಗಳಿರುವ ಪೆಟ್ಟಿಗೆಯ) ಲಿಂಕ್‌ಗೆ, ಅಂದರೆ ಎಲ್ಲ ನ್ಯೂಟ್ರಲ್ ಸೇರುವ ಪಟ್ಟಿಗೆ, ಹಾಗೇ ಸೇರಿರುತ್ತದೆ. ಪಾರ್ಟಿಷನ್ ಒಳಗೆ ಆ ಕಪ್ಪು ವೈರ್ ಎಲ್ಲೋ ಸಿಪ್ಪೆ ಹರಿದು ಚಾನಲ್‌ಗೆ ತಾಗಿರಬೇಕು. ಸ್ವಿಚ್ ಬಾಕ್ಸ್‌ಗೆ ಅರ್ಥ್ ಕೊಟ್ಟಿರುತ್ತಾರೆ, ಬಾಕ್ಸ್ ಚಾನಲ್‌ಗೆ ಸ್ಕ್ರೂ ಆಗಿರುತ್ತದೆ. ಹಾಗಾಗಿ ಇಡೀ ಫ್ರೇಮ್ ಅರ್ಥ್ ಆದಂತೆ.

ಈಗ 2 ಕಿಲೋವ್ಯಾಟ್ ಗೀಸರ್ ಹಾಕಿದರೆ ಸುಮಾರು 8.7 ಆಂಪ್ ನ್ಯೂಟ್ರಲ್‌ನಲ್ಲಿ ವಾಪಸ್ ಹೋಗಬೇಕು. ಅದರಲ್ಲಿ ಸಣ್ಣ ಪಾಲು ಫ್ರೇಮ್ ಹಿಡಿದು ಮಣ್ಣಿಗೆ ಇಳಿಯುತ್ತದೆ. ಅಷ್ಟು ಸಾಕು, ಆರ್‌ಸಿಸಿಬಿ ಬೀಳುತ್ತದೆ. ಎಲ್‌ಇಡಿ ಲೈಟಿನ ಕರೆಂಟೇ ಕಡಿಮೆ, ಸೋರುವ ಪಾಲು 30 ಮಿಲಿಆಂಪ್ ತನಕ ಹೋಗುವುದಿಲ್ಲ. ಮಳೆಗೂ ಇದೇ ಉತ್ತರ. ಮಣ್ಣು ನೆನೆದರೆ ಅರ್ಥಿಂಗ್ ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಆ ದಾರಿಯಲ್ಲಿ ಕರೆಂಟು ಜಾಸ್ತಿ ಹೋಗುತ್ತದೆ.

ಪರೀಕ್ಷೆ ಹೀಗೆ ಮಾಡಿ. ಮೇನ್ ಇಳಿಸಿ. ಇನ್ವರ್ಟರ್ ಇದ್ದರೆ ಅದನ್ನೂ ಪೂರ್ತಿ ಬಂದ್ ಮಾಡಿ, ಇದನ್ನು ತುಂಬಾ ಜನ ಮರೆಯುತ್ತಾರೆ. ಮೀಟರ್‌ನಿಂದ ಮೇನ್ ತನಕ ಬರುವ ವೈರ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ, ಅವುಗಳ ಹತ್ತಿರ ಕೈ ಬೇಡ. ಉಳಿದ ಕಡೆ ಕರೆಂಟ್ ಇಲ್ಲ ಅಂತ ಮಲ್ಟಿಮೀಟರ್ ಹಿಡಿದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಹೊಸ ಕೋಣೆಯ ಕಪ್ಪು ವೈರನ್ನು ಲಿಂಕ್‌ನಿಂದ ಬಿಡಿಸಿ, ಅದಕ್ಕೂ ಅರ್ಥ್‌ಗೂ ನಡುವೆ ಮಲ್ಟಿಮೀಟರ್ ಇಡಿ. ಬೀಪ್ ಬಂದರೆ ದೋಷ ಅಲ್ಲೇ. ಲಿಂಕ್‌ನಿಂದ ಬಿಡಿಸದೆ ನೋಡಿದರೆ ಯಾವ ಕೋಣೆಯದು ಅಂತ ತಿಳಿಯುವುದಿಲ್ಲ. ಡಿಬಿ ತೆರೆದು ರೂಢಿ ಇಲ್ಲದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಇದನ್ನೇ ತೋರಿಸಿ.

ಶಹಾಪುರ ಹೆಂಚಿನ ಮನೆ:
ನಮ್ಮ ಮನೆಯವರಿಗೆ ಮಲ್ಟಿಮೀಟರ್ ಬಳಸಿ ಗೊತ್ತು, ಪರಿಚಯದ ಎಲೆಕ್ಟ್ರಿಷಿಯನ್ ಜೊತೆ ಕೂತು ನೋಡಿದರು. ನೀವು ಹೇಳಿದ ಹಾಗೇ ಬೀಪ್ ಬಂತು! ಎರಡು ಬಾಕ್ಸ್ ನಡುವಿನ ವೈರ್ ಬಿಡಿಸಿದ ಮೇಲೆ ದೋಷ ಆ ತುಂಡಿನಲ್ಲೇ ಇದೆ ಅಂತಲೂ ಗೊತ್ತಾಯಿತು. ಗೋಡೆ ಪೂರ್ತಿ ಒಡೆಯಬೇಕಾ?

ವಿಜಯಪುರ ವೈರ್‌ಮನ್:
ಬೇಡ. ಮೀಟರ್ ಬೀಪ್ ಮೋಡ್‌ನಲ್ಲೇ ಇರಲಿ. ಆ ಸಾಲಿನ ಬೋರ್ಡ್ ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸಿ. ಯಾವುದಕ್ಕೆ ಬೀಪ್ ನಿಲ್ಲುತ್ತದೋ ಆ ಸ್ಕ್ರೂ ವೈರ್‌ಗೆ ಚುಚ್ಚಿದೆ. ಯಾವುದಕ್ಕೂ ನಿಲ್ಲದಿದ್ದರೆ ಬಾಕ್ಸ್ ಕಡೆಯಿಂದ ವೈರನ್ನು ಮೆಲ್ಲಗೆ ಆಚೀಚೆ ಎಳೆದು ನೋಡಿ.

ಶಹಾಪುರ ಹೆಂಚಿನ ಮನೆ:
ಸ್ಕ್ರೂ ಅಲ್ಲ. ವೈರ್ ಅಲ್ಲಾಡಿಸಿದರೆ ಬೀಪ್ ಬಿಟ್ಟು ಬಿಟ್ಟು ಬರುತ್ತದೆ. ಬಾಕ್ಸ್ ತೂತಿನಿಂದ ಟಾರ್ಚ್ ಬಿಟ್ಟು ನೋಡಿದರೆ ಅಡ್ಡ ಹೋಗುವ ಕಡೆ ಪೈಪೇ ಇಲ್ಲ. ಚಾನಲ್‌ನ ತೂತಿನೊಳಗೆ ಬರೀ ವೈರ್ ತೂರಿಸಿದ್ದಾರೆ. ಮೇಲಿಂದ ಇಳಿಯುವ ಕಡೆ ಮಾತ್ರ ಪೈಪ್ ಇದೆ.

ವಿಜಯಪುರ ವೈರ್‌ಮನ್:
ಹಾಗಾದರೆ ತೂತಿನ ಅಂಚೇ ಕೊಯ್ದಿದೆ. ತಗಡು ಕತ್ತರಿಸಿದ ಅಂಚು ಬ್ಲೇಡ್ ಥರ ಇರುತ್ತದೆ. ವೈರ್ ಎಳೆಯುವಾಗಲೇ ಸಿಪ್ಪೆ ಏಳುತ್ತದೆ, ಮೇಲಿಂದ ಕಾಣೋದೇ ಇಲ್ಲ.

ಆ ವೈರಿಗೆ ಟೇಪ್ ಸುತ್ತಿ ಮುಚ್ಚಬೇಡಿ. ಗೋಡೆಯೊಳಗೆ ಜಾಯಿಂಟ್ ಕೂಡ ಬೇಡ, ಜಾಯಿಂಟ್ ಏನಿದ್ದರೂ ತೆರೆಯಲು ಬರುವ ಬಾಕ್ಸ್‌ನಲ್ಲಿ. ಬಾಕ್ಸ್‌ನಿಂದ ಬಾಕ್ಸ್‌ಗೆ ಬೋರ್ಡಿನ ಒಂದು ಅಡ್ಡಪಟ್ಟಿ ಕತ್ತರಿಸಿ ತೆಗೆಯಿರಿ, ಬ್ಲೇಡ್ ಬೋರ್ಡಿನ ದಪ್ಪಕ್ಕಿಂತ ಒಳಗೆ ಹೋಗಬಾರದು. ತೂತುಗಳ ಅಂಚನ್ನು ಅರದಿಂದ ಉಜ್ಜಿ ಅಂಚು ಮುಚ್ಚುವ ರಬ್ಬರ್ ಬಳೆ, ಅಂದರೆ ಗ್ರೊಮೆಟ್ ಹಾಕಿ. ಅದರೊಳಗೆ 20 ಎಂಎಂ ಫ್ಲೆಕ್ಸಿಬಲ್ ಪೈಪ್ ತೂರಿಸಿ, ಹೊಸ ವೈರ್ ಎಳೆಯಿರಿ. ಲೈಟು-ಫ್ಯಾನಿಗೆ 1.5, ಪ್ಲಗ್ ಪಾಯಿಂಟಿಗೆ 2.5 ಸ್ಕ್ವೇರ್ ಎಂಎಂ. ಪೈಪಿನೊಳಗೆ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಇರಲಿ.

ಪೈಪ್ ಚಾನಲ್‌ನ ನಟ್ಟನಡುವೆಯೇ ಹೋಗಬೇಕು. ಲೆಕ್ಕ ನೋಡ್ರಿ. ಬೋರ್ಡ್ 12.5 ಎಂಎಂ, ಸ್ಕ್ರೂ 25 ಎಂಎಂ. ಅಂದರೆ ಸ್ಕ್ರೂ ಒಳಗೆ ಸುಮಾರು 12 ಎಂಎಂ ಬರುತ್ತದೆ. 50 ಎಂಎಂ ಚಾನಲ್ ನಡುವೆ 20 ಎಂಎಂ ಪೈಪ್ ಹೋದರೆ ಎರಡೂ ಕಡೆ ಉಳಿಯುವುದು 15 ಎಂಎಂ. ಸ್ವಲ್ಪ ವಾಲಿದರೂ ಸ್ಕ್ರೂ ಪೈಪಿಗೆ ಬಡಿಯುತ್ತದೆ. ಹೊಸದಾಗಿ ಮಾಡಿಸುವವರು 70 ಎಂಎಂ ಚಾನಲ್ ಕೇಳಿ, ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಬೋರ್ಡ್ ಮುಚ್ಚುವ ಮೊದಲು ಮೆಗ್ಗರ್ (ವೈರಿನ ಸಿಪ್ಪೆ ಸರಿಯಿದೆಯೇ ಅಂತ ನೋಡುವ ಮೀಟರ್) ಹಾಕಿಸಿ. ಬಲ್ಬು, ಫ್ಯಾನ್ ರೆಗ್ಯುಲೇಟರ್ ಎಲ್ಲ ಬಿಡಿಸಿ, 500 ವೋಲ್ಟಿಗೆ ಕನಿಷ್ಠ 1 ಮೆಗಾಓಮ್ ಬರಲೇಬೇಕು. ಹೊಸ ವೈರ್ ಆದ್ದರಿಂದ ಅದಕ್ಕಿಂತ ಎಷ್ಟೋ ಜಾಸ್ತಿ ತೋರಿಸಬೇಕು.

ನವನಗರ ಬಾಗಲಕೋಟೆ:
ನಡುವೆ ಒಂದು ಪ್ರಶ್ನೆ. ಊರಲ್ಲಿ ನಮ್ಮ ಅಜ್ಜನ ಕಾಲದ ಜಂತಿ ಮನೆ ಇದೆ. ಕಲ್ಲಿನ ಗೋಡೆ, ಸಾಗವಾನಿ ತೊಲೆ. ತೊಲೆಯ ಕೆಳಗೆ ಗಾಡಿ (ಉದ್ದ ಸೀಳು) ಕೊರೆದು ಪೈಪ್ ಮುಚ್ಚಿದರೆ ಚಂದ ಕಾಣುತ್ತದೆ ಅಂತ ಬಡಿಗೇರರು ಹೇಳುತ್ತಾರೆ. ಮಾಡಿಸಬಹುದಾ?

ವಿಜಯಪುರ ವೈರ್‌ಮನ್:
ಬೇಡ್ರಿ ಸರ್. ಭಾರ ಬಿದ್ದಾಗ ತೊಲೆಯ ಕೆಳಗಿನ ಮೈಯೇ ಜಾಸ್ತಿ ಜಗ್ಗುತ್ತದೆ. ಅಲ್ಲಿ ಕೊರೆದರೆ ಮೇಲಿನ ಮಣ್ಣಿನ ಮಾಳಿಗೆ ಹೊರುವ ಶಕ್ತಿಯೇ ಕಡಿಮೆಯಾಗುತ್ತದೆ. ತೊಲೆಯ ಪಕ್ಕದ ಮೈಗೆ ಪೈಪ್ ಇಟ್ಟು ಸ್ಯಾಡಲ್ ಹೊಡೆಸಿ, ಮರದ ಬಣ್ಣ ಬಳಿದರೆ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಮಣ್ಣಿನೊಳಗೆ ಮಾತ್ರ ವೈರ್ ಹುಗಿಸಬೇಡಿ. ಸೋರಿದರೆ ನೆನೆಯುತ್ತದೆ, ಇಲಿ ಕಾಟವೂ ಇರುತ್ತದೆ. ಮರದ ಪಾರ್ಟಿಷನ್ ಇದ್ದರೆ ನಿಲುಗಂಬದ ನಡುವೆ ತೂತು ಹಾಕಿಸಬಹುದು. ಅಂಚಿಗೆ 30 ಎಂಎಂಗಿಂತ ಕಡಿಮೆ ಉಳಿದರೆ ಆ ಜಾಗದ ಮೇಲೆ ಒಂದೂವರೆ ಎಂಎಂ ಉಕ್ಕಿನ ಪಟ್ಟಿ ಬಡಿಸಿ.

ಶಹಾಪುರ ಹೆಂಚಿನ ಮನೆ:
ಬೋರ್ಡಿನ ಅಡ್ಡಪಟ್ಟಿ ತೆಗೆಸಿದೆವು. ಎರಡನೇ ಚಾನಲ್‌ನಲ್ಲಿ ಕಪ್ಪು ವೈರಿನ ತಾಮ್ರ ಬರಿಗಣ್ಣಿಗೇ ಕಂಡಿತು. ಪಕ್ಕದ ಕೆಂಪು ವೈರಿನ ಸಿಪ್ಪೆಯೂ ಅರ್ಧ ಹರಿದಿತ್ತು. ಗ್ರೊಮೆಟ್, ಪೈಪ್, ಹೊಸ ವೈರ್ ಎಲ್ಲ ಆಯಿತು, ಮೆಗ್ಗರ್ ಕೂಡ ಹಾಕಿಸಿದೆವು. ಈಗ ಗೀಸರ್, ಮಿಕ್ಸರ್ ಒಟ್ಟಿಗೆ ಓಡಿದರೂ ಆರ್‌ಸಿಸಿಬಿ ನಿಂತಿದೆ. ನಿಮಗೆ ತುಂಬಾ ಧನ್ಯವಾದ ಅಣ್ಣಾ. ಬೋರ್ಡ್ ನಾಳೆ ಮುಚ್ಚುತ್ತಾರೆ.

ವಿಜಯಪುರ ವೈರ್‌ಮನ್:
ಕೆಂಪು ವೈರ್ ಪೂರ್ತಿ ಹರಿಯುವ ಮೊದಲೇ ಸಿಕ್ಕಿದ್ದು ಒಳ್ಳೆಯದಾಯಿತು ಅಕ್ಕಾವ್ರೇ. ನಾಳೆ ಮುಚ್ಚುವ ಮೊದಲು ಅಳತೆ ಟೇಪ್ ನೆಲದಿಂದ ಹಿಡಿದು, ಪೈಪ್ ಕಾಣುವ ಹಾಗೆ ಫೋಟೋ ತೆಗೆದಿಡಿ. ಮಗಳ ಪುಸ್ತಕಕ್ಕೆ ಶೆಲ್ಫ್ ಹಾಕಿಸುವಾಗ ಉದ್ದ ಸ್ಕ್ರೂ ಬರುತ್ತದೆ, ಆಗ ಬೇಕಾಗುತ್ತದೆ. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಕೂಡ ಆಗಾಗ ಒತ್ತಿ ನೋಡುತ್ತಿರಿ.